ಬದುವಿನಲ್ಲಿ ಹೂವಿನ ಬದಲು ಹುಲ್ಲೇ ಎದ್ದಿದ್ದರೆ

ಬದನೆ ಹೊಲಕ್ಕೆ ಜೇನು, ದುಂಬಿ ಬರಲೆಂದು ಬದುವಿನಲ್ಲಿ ಕಾಡುಹೂವಿನ ಬೀಜ ಚೆಲ್ಲಿದಿರಿ, ಎದ್ದದ್ದು ಬರೀ ಗರಿಕೆ. ಇದಕ್ಕೆ ಕಾರಣ ಬಹುಶಃ ಗೊಬ್ಬರ. ಬದನೆ ಸಾಲಿನ ಯೂರಿಯಾ ಹರಿದು ಬದು ಸೇರಿದರೆ ಮೊದಲು ಸೊಕ್ಕುವುದು ಹುಲ್ಲು. ಬೀಜವೇ ಹಳತಾಗಿರಲೂಬಹುದು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರುತ್ತದಾ ನೋಡಿ.

ಮುಂಗಾರಿಗೆ ಮುಂಚೆ ಗರಿಕೆಯನ್ನು ಬೇರುಸಮೇತ ಕೆತ್ತಿ ಹೊರಗೆ ಹಾಕಿ. ಇಡೀ ಬದು ಕೆತ್ತಬೇಡಿ, ಮಳೆಗೆ ಕೊಚ್ಚಿಹೋದೀತು. ಅಲ್ಲಲ್ಲಿ ತುಂಡು ತುಂಡಾಗಿ ಸಾಕು. ಮೊದಲ ಹದಮಳೆ ಬಿದ್ದ ಮೇಲೆ ತುಂಬೆ, ಹುಚ್ಚೆಳ್ಳು ಬೀಜವನ್ನು ಮರಳಿಗೆ ಬೆರೆಸಿ ಮೇಲೆಯೇ ಉದುರಿಸಿ, ಕಾಲಲ್ಲಿ ಮೆಲ್ಲಗೆ ಒತ್ತಿ. ಆಮೇಲೆ ಏಳುವ ಹುಲ್ಲನ್ನು ತೆನೆ ಬಿಡುವ ಮುಂಚೆಯೇ ಕೊಯ್ದು ದನಕ್ಕೆ ಹಾಕಿ, ಅಲ್ಲೇ ಕೊಳೆಯಲು ಬಿಡಬೇಡಿ. ಪಾರ್ಥೇನಿಯಂ ಕಂಡರೆ ಹೂ ಬಿಡುವ ಮೊದಲೇ ಕಿತ್ತುಬಿಡಿ. ಕಳೆನಾಶಕ ಬೇಡವೇ ಬೇಡ.

ನಿಮ್ಮ ಬದನೆಗೆ ಜೇನುಪೆಟ್ಟಿಗೆಯೊಂದೇ ಸಾಲದು. ಬದನೆ ಹೂವಿನ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ಅದಕ್ಕೆ ಹೂವನ್ನು ಹಿಡಿದು ಗುಂಯ್‌ಗುಟ್ಟಿ ನಡುಗಿಸಬೇಕು, ಆ ಕೆಲಸ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಬಾರದು. ನೀಲಿಪಟ್ಟೆ ಜೇನು, ಕಪ್ಪನೆಯ ಬಡಗಿದುಂಬಿಗೆ ಬರುತ್ತದೆ. ಅವಕ್ಕಾಗಿ ಬದುವಿನಲ್ಲಿ ತಂಗಡಿ ಗಿಡ ಉಳಿಸಿಕೊಳ್ಳಿ, ಅದರ ಹೂವಿನ ಪರಾಗವೂ ಹೀಗೆ ಸಣ್ಣ ರಂಧ್ರದಿಂದಲೇ ಉದುರುವುದು. ನೀಲಿಪಟ್ಟೆ ಮಣ್ಣಿನಲ್ಲಿ ಗೂಡು ಕೊರೆಯುತ್ತದೆ, ಬಡಗಿದುಂಬಿ ಒಣ ಮರದಲ್ಲಿ. ಹಾಗಾಗಿ ಒಂದಿಷ್ಟು ಬರಿ ನೆಲವನ್ನು ಉಳದೆ ಬಿಡಿ, ಒಣಕೊಂಬೆಯನ್ನೆಲ್ಲ ಒಲೆಗೆ ಒಯ್ಯಬೇಡಿ. ಔಷಧಿ ಹೊಡೆಯಲೇಬೇಕಾದರೆ ಸಂಜೆ, ದುಂಬಿಗಳು ಮರಳಿದ ಮೇಲೆ ಹೊಡೆಯಿರಿ.