ಎರಡು ನದಿಗಳ ನಡುವೆ ಬರಗಾಲವೇಕೆ?

ಪ್ರಶ್ನೆ: ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತವೆ. ಆದರೂ ನಮ್ಮದು ಬರಪೀಡಿತ ಜಿಲ್ಲೆ ಏಕೆ? ಭತ್ತ ಬೆಳೆಯುವ ನಮ್ಮೂರನ್ನು ‘ಮಳೆ ನೆರಳಿನ ಪ್ರದೇಶ’ ಎಂದು ಪರೀಕ್ಷೆಯಲ್ಲಿ ಬರೆಯಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಸಿಂಧನೂರು ತಾಲ್ಲೂಕು

ಉತ್ತರ: ಧೈರ್ಯವಾಗಿ ಬರೆಯಿರಿ. ನದಿಯಲ್ಲಿ ಹರಿಯುವ ನೀರು ಬೇರೆ, ಹೊಲದ ಮೇಲೆ ಬೀಳುವ ಮಳೆ ಬೇರೆ. ಕೃಷ್ಣೆ ಮಹಾಬಳೇಶ್ವರದಲ್ಲಿ, ತುಂಗೆ ಮತ್ತು ಭದ್ರೆಯರು ಗಂಗಾಮೂಲದಲ್ಲಿ ಹುಟ್ಟುತ್ತಾರೆ. ಹೀಗಾಗಿ ಈ ಹೊಳೆಗಳು ನಿಮ್ಮೂರಿಗೆ ತರುವುದು ಬಹುಪಾಲು ಪಶ್ಚಿಮ ಘಟ್ಟದ ಮಳೆಯನ್ನು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟವನ್ನೇರುವಾಗ ತಣಿದು ತೇವವನ್ನು ಅಲ್ಲಿಯೇ ಸುರಿಸುತ್ತದೆ. ಪೂರ್ವದ ಇಳಿಜಾರಿನಲ್ಲಿ ಇಳಿಯುತ್ತ ಮತ್ತೆ ಬಿಸಿಯಾಗುವುದರಿಂದ ಅದರಲ್ಲಿ ಮೋಡ ಕಟ್ಟುವುದು ಕಷ್ಟ. ಘಟ್ಟದ ಮರೆಯಲ್ಲಿ ಹೀಗೆ ಮಳೆ ಕಡಿಮೆಯಾಗುವ ಕಡೆಯೇ ಮಳೆ ನೆರಳಿನ ಪ್ರದೇಶ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ರಾಯಚೂರಿನಲ್ಲಿ ಸುಮಾರು ಅದರ ಹತ್ತನೇ ಒಂದು ಭಾಗದಷ್ಟು ಮಾತ್ರ.

ಹಾಗಾದರೆ ಭತ್ತ ಎಲ್ಲಿಂದ ಬಂತು? ಪ್ರಶ್ನೆ ಇಲ್ಲಿಂದ ಮಾನವ ಭೂಗೋಳಕ್ಕೆ ಹೊರಳುತ್ತದೆ. ಈ ನಾಡಿನ ಹಳೆಯ ಬೇಸಾಯ ಎರೆ ಹೊಲದ ಹಿಂಗಾರಿ ಜೋಳದ್ದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಕಪ್ಪು ಮಣ್ಣು ಮಳೆ ಬಿದ್ದೊಡನೆ ಉಬ್ಬಿ, ಆ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಜೋಳ ಅದರ ಮೇಲೆಯೇ ಬೆಳೆದು ನಿಲ್ಲುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿಯ ಕಡೆ ಹರಿದ ಮೇಲೆ ಚಿತ್ರ ಬದಲಾಯಿತು. ಭತ್ತದ ಬೇಸಾಯ ಬಲ್ಲ ಆಂಧ್ರದ ರೈತರು ವಲಸೆ ಬಂದು ನೆಲೆಸಿದ ಊರುಗಳೇ ನೀವು ದಿನವೂ ಕಾಣುವ ‘ಕ್ಯಾಂಪ್’ಗಳು. ನಿಸರ್ಗ ಅವಕಾಶಗಳನ್ನು ಮುಂದಿಡುತ್ತದೆ, ಆಯ್ಕೆ ಮನುಷ್ಯನದು ಎಂಬ ಸಂಭವವಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಿಮಗೆ ಸಿಗಲಾರದು. ಈ ವಾದದೊಂದಿಗೆ ಗುರುತಿಸಲಾಗುವ ಫ್ರಾನ್ಸಿನ ಭೂಗೋಳಶಾಸ್ತ್ರಜ್ಞ ವಿದಾಲ್ ದ ಲಾ ಬ್ಲಾಶ್ ಹೆಸರಿನ ಜೊತೆಗೆ ನಿಮ್ಮ ಪಕ್ಕದ ಕ್ಯಾಂಪನ್ನೂ ಉತ್ತರದಲ್ಲಿ ಬರೆಯಿರಿ.

ಆದರೆ ಉತ್ತರವನ್ನು ಅಲ್ಲಿಗೇ ನಿಲ್ಲಿಸಬೇಡಿ. ಈ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರಿಂದ ಕೆಳಭಾಗದ ರೈತರು ನೀರಿಗಾಗಿ ಹೋರಾಡುವಂತಾಗಿದೆ. ಅತ್ತ ನೀರು ಹೆಚ್ಚಾಗಿ ನಿಂತ ಎರೆ ಹೊಲದಲ್ಲಿ, ಬಿಸಿಲಿಗೆ ನೀರು ಆವಿಯಾದಂತೆಲ್ಲ ಒಳಗಿನ ಲವಣ ಮೇಲೆದ್ದು ನೆಲ ಸವಳಾಗುತ್ತದೆ. ಬೇಸಿಗೆಯಲ್ಲಿ ಅಂಥ ಗದ್ದೆಯ ಬದುವಿನ ಮೇಲೆ ಬೆರಳಾಡಿಸಿ ನೋಡಿ, ಬಿಳಿಯ ಪುಡಿ ಅಂಟುತ್ತದೆ.