ಎಂ-ಸ್ಯಾಂಡ್ ರಾಶಿಯಲ್ಲಿ ಮಗು ಆಡಬಹುದಾ?

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿನ ಮರಳಿನ ರಾಶಿ ಕಂಡರೆ ಸಾಕು, ಇವಳನ್ನು ಹಿಡಿಯೋಕಾಗಲ್ಲ. ಅತ್ತೆ "ಆಡಲಿ ಬಿಡು, ನಾವೆಲ್ಲ ಮರಳಲ್ಲೇ ಬೆಳೆದವರು" ಅನ್ನುತ್ತಾರೆ. ನನಗೆ ಹುಳದ ಭಯ. ಇನ್ನೊಂದು ಮಾತು: ಅವಳ ಪ್ಲೇಹೋಮ್‌ನಲ್ಲಿ ದಿನಾ ಅರ್ಧ ಗಂಟೆ ಮರಳಲ್ಲಿ ಆಡಲು ಬಿಡುತ್ತಾರೆ. ಎದುರು ಮನೆ ಹುಡುಗ ಇದೇ ವಯಸ್ಸಿಗೆ ಅ ಆ ಇ ಈ ಬರೆಯುತ್ತಾನೆ. ಅಷ್ಟು ಫೀಸು ಕಟ್ಟಿ ಮರಳಾಟ ಆಡಿಸಬೇಕಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಅತ್ತೆ ಆಡಿದ ಮರಳು ಬೇರೆ, ಪಕ್ಕದ ಸೈಟಿನಲ್ಲಿ ಬಿದ್ದಿರುವುದು ಬೇರೆ. ಮೊದಲು ಅದನ್ನು ಇತ್ಯರ್ಥ ಮಾಡೋಣ.

ಅವರದ್ದು ಹೊಳೆ ಮರಳು. ನೀರಿನಲ್ಲಿ ಉರುಳಿ ಉರುಳಿ ಕಾಳುಗಳ ಮೂಲೆ ಸವೆದಿರುತ್ತದೆ, ಧೂಳು ತೊಳೆದು ಹೋಗಿರುತ್ತದೆ. ಈಗ ಸೈಟುಗಳಿಗೆ ಹೆಚ್ಚಾಗಿ ಬರುವುದು ಎಂ-ಸ್ಯಾಂಡ್. ಅದು ಕ್ರಷರ್‌ನಲ್ಲಿ ಕಲ್ಲು ಒಡೆದು ಮಾಡಿದ್ದು. ಕಾಳು ಚೂಪು, ಜೊತೆಗೆ ಹಿಟ್ಟಿನಂಥ ಕಲ್ಲಿನ ಪುಡಿ. ಒಣಗಿದಾಗ ಮಗು ಅದನ್ನು ಎರಚಿದರೆ ಆ ಪುಡಿ ನೇರ ಮೂಗಿಗೆ ಹೋಗುತ್ತದೆ. ಅದರಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಂದು ದಿನ ಆಡಿದ್ದಕ್ಕೆ ಗಾಬರಿ ಬೇಡ. ದಿನಾ ಆಡುವ ಜಾಗ ಮಾತ್ರ ಅದಲ್ಲ.

ಧೂಳಿಗಿಂತ ನನಗೆ ಜಾಸ್ತಿ ಭಯ ಇರುವುದು ರಾಶಿಯದ್ದೇ. ಮಕ್ಕಳು ಬುಡದಲ್ಲಿ ಗುಹೆ ತೋಡುತ್ತಾರೆ, ಮೇಲಿನ ಮರಳು ಕುಸಿಯುತ್ತದೆ. ಮುಖ ಮುಚ್ಚಿಹೋಗಲು ಬಹಳ ಹೊತ್ತು ಬೇಡ. ಹಿಂದಕ್ಕೆ ಬರುವ ಲಾರಿ, ಮೊಳೆ, ಗಾಜಿನ ಚೂರು, ಹಸಿ ಸಿಮೆಂಟು ಎಲ್ಲ ಅಲ್ಲೇ ಇರುತ್ತವೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗಾಗಿ ಸೈಟಿನ ರಾಶಿ ಬೇಡ.

ಆದರೆ ಮರಳೇ ಬೇಡ ಅನ್ನಬೇಡಿ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ಬರೆಯುವುದು ಬೆರಳ ತುದಿಯ ಕೆಲಸ ಅಂದುಕೊಂಡಿದ್ದೇವೆ. ಭುಜ ಗಟ್ಟಿಯಾಗಿ ನಿಲ್ಲದಿದ್ದರೆ ಮಣಿಕಟ್ಟು ನಿಲ್ಲಲ್ಲ, ಮಣಿಕಟ್ಟು ನಿಲ್ಲದಿದ್ದರೆ ಪೆನ್ಸಿಲ್ ನಿಲ್ಲಲ್ಲ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಮೂರೂವರೆ ವರ್ಷದ ಮಗುವಿನಲ್ಲಿ ಅವುಗಳಲ್ಲಿ ಸುಮಾರು ಅರ್ಧ ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆತ್ತನೆಯ ಕಾರ್ಟಿಲೇಜ್ ಆಗಿರುತ್ತವೆ. ಆ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು ಕೂರಿಸಿದರೆ ಮಗು ಬರೆಯಬಹುದು, ಬರೆಯುತ್ತದೆ ಕೂಡ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಹಲ್ಲು ಕಚ್ಚಿಕೊಂಡು, ಅರ್ಧ ಪುಟಕ್ಕೇ "ಕೈ ನೋವು" ಅನ್ನುತ್ತದೆ. ಎದುರು ಮನೆ ಹುಡುಗ ಹೇಗೆ ಹಿಡಿಯುತ್ತಾನೆ, ಸುಮ್ನೆ ಒಮ್ಮೆ ಗಮನಿಸಿ.

ಮರಳಲ್ಲಿ ಇದೇ ಕೈ ಏನು ಮಾಡುತ್ತದೆ? ಒಂದು ಲೀಟರ್ ಮಗ್ಗಿನ ತುಂಬ ಒಣ ಮರಳು ತುಂಬಿದರೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ, ಹಸಿಯಾದರೆ ಇನ್ನೂ ಜಾಸ್ತಿ. ಅದನ್ನು ಎತ್ತಿ, ಬಗ್ಗಿಸಿ, ಚೆಲ್ಲದಂತೆ ಸುರಿಯುವುದು ಭುಜದಿಂದ ಬೆರಳ ತನಕದ ಕಸರತ್ತು. ಹಿಂದೆ ಕೂಲಿಮಠಗಳಲ್ಲಿ ಅಕ್ಷರ ಶುರುವಾಗುತ್ತಿದ್ದದ್ದೇ ಮರಳು ಹರಡಿ, ಬೆರಳಲ್ಲಿ ತಿದ್ದಿಸಿ. ನಮ್ಮ ಅಕ್ಷರಗಳೆಲ್ಲ ದುಂಡಗೆ, ಸುತ್ತು ಜಾಸ್ತಿ. ಇಡೀ ತೋಳು ಆಡಿಸಿ ದೊಡ್ಡದಾಗಿ ತಿದ್ದಿದ ಕೈಗೆ ಆಮೇಲೆ ಸಣ್ಣದಾಗಿ ಬರೆಯುವುದು ಸಲೀಸು.

ಇನ್ನು ತಲೆಯ ಕೆಲಸ. ನಾನು ನೋಡಿದ ಒಂದು ಮಗುವಿನ ಕೈಯಲ್ಲಿ ತೆಂಗಿನ ಚಿಪ್ಪು ಇತ್ತು, ಕಣ್ಣು ತೂತಾದ ಅರ್ಧ ಚಿಪ್ಪು. ಮರಳು ತುಂಬಿ ಎತ್ತಿದಳು, ಸಣ್ಣ ಧಾರೆ ಬಿತ್ತು. ಬೆರಳಿಟ್ಟು ತಡೆದಳು, ನಿಂತಿತು. ತೆಗೆದಳು, ಮತ್ತೆ ಬಿತ್ತು. ಆಮೇಲೆ ಮರಳಿಗೆ ನೀರು ಹಾಕಿ ಅದೇ ಚಿಪ್ಪಿಗೆ ತುಂಬಿದಳು. ಬೆರಳು ತೆಗೆದರೂ ಮರಳು ಬೀಳಲಿಲ್ಲ. ಚಿಪ್ಪನ್ನು ತಲೆಕೆಳಗು ಮಾಡಿ, ಅಲ್ಲಾಡಿಸಿ, ಒಳಗೆ ಇಣುಕಿದಳು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಅಲ್ಲಿ ನಡೆದದ್ದು ಇಷ್ಟೆ: ಒಣ ಮರಳಿನ ಕಾಳಿಗೆ ಕಾಳು ಅಂಟುವುದಿಲ್ಲ, ಜಾರುತ್ತದೆ. ಸ್ವಲ್ಪ ನೀರು ಬಿದ್ದರೆ ಕಾಳುಗಳ ನಡುವೆ ನೀರಿನ ಸಣ್ಣ ಸಣ್ಣ ಸೇತುವೆಗಳಾಗಿ ಒಂದನ್ನೊಂದು ಎಳೆದು ಹಿಡಿಯುತ್ತವೆ. ನೀರು ಅತಿಯಾದರೆ ಆ ಸೇತುವೆಗಳೂ ಹೋಗಿ ಎಲ್ಲ ಕಲಸಿಹೋಗುತ್ತದೆ. ಕಾಲಿನ ಮೇಲೆ ಮರಳು ತಟ್ಟಿ ಗುಬ್ಬಿ ಗೂಡು ಕಟ್ಟಿದವರಿಗೆಲ್ಲ ಇದು ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ಎಷ್ಟು ನೀರು ಸಾಕು ಅನ್ನುವುದನ್ನು ಮಗು ತಪ್ಪು ಮಾಡಿ ಮಾಡಿಯೇ ಕಲಿಯಬೇಕು. ಮರಳಲ್ಲಿ ತಪ್ಪಿಗೆ ಕೆಂಪು ಇಂಕಿನ ಗುರುತಿಲ್ಲ. ಬಿದ್ದರೆ ಇನ್ನೊಂದು ಗೂಡು. ಪಜಲ್‌ಗೆ ಒಂದೇ ಉತ್ತರ, ಮರಳಿಗೆ ಉತ್ತರವೇ ಇಲ್ಲ. ಅದರ ದೊಡ್ಡ ಲಾಭ ಅದೇ ಅಂತ ನನ್ನ ಲೆಕ್ಕ.

ಅಳತೆಯ ಲೆಕ್ಕವೂ ಹೀಗೇ ಬರುತ್ತದೆ. ಉದ್ದ ಲೋಟದಲ್ಲಿರುವುದನ್ನು ಅಗಲ ಬಟ್ಟಲಿಗೆ ಸುರಿದರೆ "ಕಮ್ಮಿ ಆಯ್ತು" ಅನ್ನುವುದು ಈ ವಯಸ್ಸಿನ ಮಾತು. ಆರೇಳು ವರ್ಷದ ಹೊತ್ತಿಗೆ ಅದು ಸರಿಹೋಗುತ್ತದೆ. ನೀವು ತಿದ್ದಲು ಹೋಗಬೇಡಿ. ಸಾಧ್ಯವಾದರೆ ಏನೂ ಕೇಳಲೇಬೇಡಿ. "ಇದು ಏನು ಪುಟ್ಟಾ? ಎಷ್ಟು ಇಡ್ಲಿ ಆಯ್ತು? ಎಣಿಸು ನೋಡೋಣ" ಅಂತ ಶುರು ಮಾಡಿದ ಕೂಡಲೇ ಆಟ ಪರೀಕ್ಷೆಯಾಗುತ್ತದೆ, ಅಲ್ವಾ? ಅವಳು ಇಡ್ಲಿ ಕೊಟ್ಟರೆ ತಿಂದಂತೆ ಮಾಡಿ, ಚಟ್ನಿ ಕೇಳಿ, ಸುಮ್ಮನಿರಿ.

ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು. ಅಮೆರಿಕದಲ್ಲಿ ಮಕ್ಕಳ ಪ್ಲೇಗ್ರೌಂಡ್ ಶುರುವಾದದ್ದು 1885ರಲ್ಲಿ, ಬೋಸ್ಟನ್ನಿನ ಒಂದು ಚಾಪೆಲ್ ಅಂಗಳಕ್ಕೆ ಸುರಿದ ಮರಳಿನ ರಾಶಿಯಿಂದ. ಬರ್ಲಿನ್ ಪಾರ್ಕುಗಳಲ್ಲಿ ಇಂಥದ್ದನ್ನು ನೋಡಿ ಬಂದ ಒಬ್ಬ ಡಾಕ್ಟರಮ್ಮನ ಸಲಹೆ ಅದು. ಜಾರುಬಂಡೆ, ಉಯ್ಯಾಲೆ ಆಮೇಲೆ ಬಂದವು. ಈಗ ನಮ್ಮ ಕಾಂಪ್ಲೆಕ್ಸ್‌ಗಳಲ್ಲಿ ರಬ್ಬರ್ ಟೈಲ್ಸ್ ಇದೆ, ಜಾರುಬಂಡೆ ಇದೆ, ಮರಳು ಮಾತ್ರ ಇಲ್ಲ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಕೇಳಿ ನೋಡಿ.

ಅಲ್ಲಿಯವರೆಗೆ ಬಾಲ್ಕನಿ ಸಾಕು. ಎರಡಡಿ ಉದ್ದದ ಅಗಲ ಟಬ್, ನಾಲ್ಕು ಇಂಚು ಮರಳು. ಹೊಳೆ ಮರಳು ಸಿಕ್ಕರೆ ಸರಿ, ಇಲ್ಲದಿದ್ದರೆ ಅಕ್ವೇರಿಯಂ ಅಂಗಡಿಯ ಬಣ್ಣ ಹಾಕದ ಮರಳು. ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಬಿಸಿಲಲ್ಲಿ ಒಣಗಿಸಿ. ಟಬ್ ಎಲ್ಲಿ ಬೇಕೋ ಅಲ್ಲಿಟ್ಟೇ ತುಂಬಿ. ಆ ಮರಳೇ 30 ಕಿಲೋ ದಾಟುತ್ತದೆ, ಆಮೇಲೆ ಎಳೆದಾಡೋಕಾಗಲ್ಲ. ಬಾಲ್ಕನಿ ಗ್ರಿಲ್‌ಗೆ ಒತ್ತಿ ಇಡಬೇಡಿ, ಟಬ್ ಹತ್ತಿ ನಿಂತಾಳು. ಒಂದು ಚಿಪ್ಪು, ಒಂದು ಚಮಚ, ಹಳೇ ಇಡ್ಲಿ ತಟ್ಟೆ, ಅರ್ಧ ಮಗ್ ನೀರು. ಅಷ್ಟೆ.

ಹುಳದ ಭಯಕ್ಕೆ ಮುಖ್ಯ ಕಾರಣ ಬೆಕ್ಕು, ನಾಯಿ. ಮರಳು ಕಂಡರೆ ಬೆಕ್ಕಿಗೆ ಅದು ಟಾಯ್ಲೆಟ್. ಆ ಹೇಲಿನಲ್ಲಿರುವ ಹುಳದ ಮೊಟ್ಟೆಗಳು ವಾರಗಳ ನಂತರವೂ ಅಪಾಯವೇ. ಆಟ ಮುಗಿದ ಮೇಲೆ ಗಟ್ಟಿ ಮುಚ್ಚಳ ಹಾಕಿ. ಹಸಿ ಇದ್ದರೆ ಮೊದಲು ಒಣಗಿಸಿ, ಇಲ್ಲವಾದರೆ ನಾತ ಬರುತ್ತದೆ. ಆಟ ಆದ ಮೇಲೆ ಸೋಪಿನಿಂದ ಕೈ, ಕತ್ತರಿಸಿದ ಉಗುರು. ಕಣ್ಣಿಗೆ ಮರಳು ಬಿದ್ದರೆ ಉಜ್ಜಲು ಬಿಡದೆ ಶುದ್ಧ ನೀರು ಹಾಯಿಸಿ. ಆಮೇಲೂ ಕಣ್ಣು ಕೆಂಪಾಗಿ ಚುಚ್ಚುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಕೈನೆಟಿಕ್ ಸ್ಯಾಂಡ್ ತರಬಹುದಾ ಅಂತಲೂ ಹಲವರು ಕೇಳುತ್ತಾರೆ. ಅದು ಸಿಲಿಕೋನ್ ಎಣ್ಣೆ ಬೆರೆಸಿದ ಸಣ್ಣ ಮರಳು. ಮನೆ ಗಲೀಜಾಗಲ್ಲ. ಆದರೆ ಯಾವಾಗಲೂ ಒಂದೇ ಹದ. ನೀರು ಹಾಕಿ ಹದ ಹುಡುಕುವ ಆಟವೇ ಅದರಲ್ಲಿ ಇಲ್ಲ.

ಪ್ರಶ್ನೆ: ಮೊಮ್ಮಗನಿಗೆ ಒಂದೂವರೆ ವರ್ಷ. ಮಲ್ಪೆ ಬೀಚಿಗೆ ಕರೆದುಕೊಂಡು ಹೋದರೆ ಮರಳನ್ನು ಬಾಯಿಗೇ ಹಾಕುತ್ತಾನೆ. ಏನು ಮಾಡುವುದು?
– ಒಬ್ಬ ಅಜ್ಜ, ಉಡುಪಿ

ಉತ್ತರ: ಈ ವಯಸ್ಸಿಗೆ ಬಾಯಿಯೂ ಒಂದು ಕೈ. ಒಂದೆರಡು ಚಿಟಿಕೆ ಹೊಟ್ಟೆಗೆ ಹೋದರೆ ಹಾಗೇ ಹೊರಗೆ ಬರುತ್ತದೆ. ಬೈಯದೆ ಕೈ ಸರಿಸಿ, ಬಾಯಿ ಒರೆಸಿ. ಅಂಗಡಿಗಳ ಹಿಂದಿನ, ನಾಯಿ ಓಡಾಡುವ ಒಣ ಮರಳು ಬಿಟ್ಟು, ಅಲೆ ಬಂದು ತೊಳೆದು ಹೋದ ಕಡೆ ಕೂರಿಸಿ. ಆದರೆ ಅಲ್ಲಿ ಮಗುವಿನಿಂದ ಒಂದು ಕೈಯಳತೆ ದೂರವೂ ಹೋಗಬೇಡಿ. ಮಧ್ಯಾಹ್ನ ಬೇಡ, ಕಾದ ಮರಳು ಅಂಗಾಲು ಸುಡುತ್ತದೆ.

ಎರಡು ವರ್ಷ ದಾಟಿದ ಮೇಲೂ ಹುಡುಕಿಕೊಂಡು ಹೋಗಿ ಮಣ್ಣು, ಮರಳು, ಸುಣ್ಣ ತಿನ್ನುತ್ತಿದ್ದರೆ, ಅದು ತಿಂಗಳಾದರೂ ನಿಲ್ಲದಿದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಕಬ್ಬಿಣದ ಅಂಶ ಕಮ್ಮಿ ಇರುತ್ತದೆ. ಜಂತುಹುಳದ ಮಾತ್ರೆ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲಿ ಉಚಿತವಾಗಿ ಕೊಡುತ್ತಾರೆ. ಒಂದರಿಂದ ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಬೆರೆಸಿ. ಆ ದಿನ ಮಗುವಿಗೆ ಜ್ವರ ಇದ್ದರೆ ಕೊಡಿಸಬೇಡಿ. ಬಿಟ್ಟುಹೋದ ಮಕ್ಕಳಿಗೆ ಕೆಲವು ದಿನಗಳ ನಂತರ ಮತ್ತೆ ಕೊಡುತ್ತಾರೆ, ಅಂಗನವಾಡಿ ಟೀಚರ್ ಹತ್ತಿರ ಆ ತಾರೀಖು ಕೇಳಿಕೊಂಡು ಬನ್ನಿ.