ಸೋಲುವ ತಂಡವಾದರೂ ಹೋಗಿ ಬನ್ನಿ

ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡ ನಾರ್ತ್ ಮೆಲ್ಬರ್ನ್ ಯಾವಾಗಲೂ ಸೋಲುತ್ತದೆ, ಗೆಳೆಯ ಆಟಕ್ಕೆ ಕರೆದಿದ್ದಾನೆ, ಶನಿವಾರ ಸುಮ್ನೆ ದಂಡ ಆಗುತ್ತಾ ಅಂತ ಕೇಳಿದ್ದೀರಿ. ನಾನು ಈ ತಂಡದ ಅಭಿಮಾನಿ. ಖಂಡಿತ ಹೋಗಿ.

ಸದರ್ನ್ ಕ್ರಾಸ್ ಸ್ಟೇಷನ್‌ನಲ್ಲಿ ಇಳಿದು ನೀಲಿ-ಬಿಳಿ ಸ್ಕಾರ್ಫ್ ಹಾಕಿಕೊಂಡವರ ಹಿಂದೆ ನಡೆದರೆ ಡಾಕ್‌ಲ್ಯಾಂಡ್ಸ್ ಮೈದಾನ ಸಿಗುತ್ತದೆ. ಆಟಕ್ಕೆ ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲ್, 6 ಅಂಕ. ಅದರ ಪಕ್ಕಕ್ಕೆ, ಹೊರಗಿನ ಕಂಬದ ಒಳಗೆ ಹೋದರೆ 1. ಸದ್ಯಕ್ಕೆ ಇಷ್ಟು ಸಾಕು.

2021, 2022 ಎರಡೂ ವರ್ಷ ನಾವು ಕಟ್ಟಕಡೆಯ ಸ್ಥಾನದಲ್ಲಿದ್ದೆವು. 2023ರಲ್ಲಿ ಮೊದಲ ಎರಡು ಪಂದ್ಯ ಗೆದ್ದು, ಆಮೇಲೆ ಸಾಲಾಗಿ 20 ಸೋತೆವು. ಆಗಲೂ ನನ್ನ ಪಕ್ಕದ ಸೀಟಿನ ಅಜ್ಜಿ ಒಂದು ದಿನವೂ ಅರ್ಧಕ್ಕೆ ಎದ್ದು ಹೋಗಲಿಲ್ಲ. ಹೊಸ ಹುಡುಗನೊಬ್ಬ ತನ್ನ ಮೊದಲ ಗೋಲ್ ಹೊಡೆದರೆ ತಂಡದವರೆಲ್ಲ ಓಡಿ ಬಂದು ತಬ್ಬಿಕೊಳ್ಳುತ್ತಾರೆ, ಅಲ್ವಾ, ಆಗ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸ್ಕೋರ್ ಎಷ್ಟಿದ್ದರೂ ಸರಿ. ಆ ವರ್ಷದ ಕೊನೆಯ ಪಂದ್ಯ ಹೋಬಾರ್ಟ್‌ನಲ್ಲಿ, ಗೋಲ್ಡ್ ಕೋಸ್ಟ್ ವಿರುದ್ಧ. ಗೆದ್ದೆವು! ಟಿವಿ ಮುಂದೆ ಕೂತು ಅತ್ತುಬಿಟ್ಟೆ.

ಗೆಳೆಯನ ಹತ್ತಿರ ಜಾಸ್ತಿ ಸ್ಕಾರ್ಫ್ ಇದ್ದರೆ ಕೇಳಿ ಹಾಕಿಕೊಳ್ಳಿ. ಜುಲೈನಲ್ಲಾದರೆ ಇಲ್ಲಿ ಚಳಿಗಾಲ, ಸ್ವೆಟರ್ ಕೂಡ ಇರಲಿ.